ಮಗಳು ಓದುತ್ತಿದ್ದಾಳೋ, ದುಡಿಯುತ್ತಿದ್ದಾಳೋ?

ಥಾಣೆಯ ಮಾಜಿವಾಡಾ ನಾಕಾದಲ್ಲಿ ನಿಂತು ಕತ್ತೆತ್ತಿದರೆ ಸಾಕು, ಊರು ಎಷ್ಟು ಬೇಗ ಬದಲಾಗಿದೆ ಎಂಬುದು ಗೊತ್ತಾಗುತ್ತದೆ. ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಲ್ಲಿ ಕವಲೊಡೆಯುತ್ತದೆ. ಒಂದು ಹಾದಿ ಭಿವಂಡಿ ದಾಟಿ ನಾಸಿಕ್, ಆಗ್ರಾಗಳ ಕಡೆಗೆ, ಇನ್ನೊಂದು ಘೋಡ್‌ಬಂದರ್ ಕಡೆಗೆ. ಆಗ್ರಿ ಜನರ ಹಳೆಯ ಊರು ಒಂದು ಮಗ್ಗುಲಲ್ಲಿ ಇನ್ನೂ ಉಸಿರಾಡುತ್ತಿದೆ; ಉಳಿದೆಡೆಯೆಲ್ಲ ಮುಗಿಲೆತ್ತರದ ಸೊಸೈಟಿಗಳು. ಪಕ್ಕದ ಕೋಲ್ಶೆತ್ ರಸ್ತೆಯಲ್ಲಿ ಒಂದು ಕಾಲಕ್ಕೆ ಸ್ಯಾಂಡೋಜ್, ಬಾಯರ್‌ನಂಥ ವಿದೇಶಿ ಮೂಲದ ಕಂಪನಿಗಳ ಕಾರ್ಖಾನೆಗಳಿದ್ದವು. ಉಡುಪಿ, ಕಾರವಾರ, ಧಾರವಾಡದ ಕಡೆಯಿಂದ ಬಿಎಸ್ಸಿ ಮುಗಿಸಿ ಮುಂಬಯಿಗೆ ಬಂದ ಹುಡುಗರಿಗೆ ಥಾಣೆಯ ಇಂಥ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಮಿಸ್ಟ್ ಆಗುವುದು ದೊಡ್ಡ ಭಾಗ್ಯವಾಗಿತ್ತು. 1995ರಲ್ಲಿ ಸ್ಯಾಂಡೋಜ್‌ನಿಂದ ಬೇರೆಯಾಗಿ ಹುಟ್ಟಿದ ಕ್ಲಾರಿಯಂಟ್ ಕಂಪನಿಯ ಕೋಲ್ಶೆತ್ ಜಾಗದಲ್ಲಿ ಈಗ ವಸತಿ ಸಮುಚ್ಚಯ ಎದ್ದಿದೆ. ಅಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಂಪನಿ ಕೋಲ್ಶೆತ್‌ಗೆ ಬಂದಿತ್ತು. ಇಂದು ಕೋಲ್ಶೆತ್, ಮಾಜಿವಾಡಾಗಳ ಮಕ್ಕಳು ಪ್ರಯೋಗಾಲಯ ಹುಡುಕಿಕೊಂಡು ಬಾಸೆಲ್‌ನಂಥ ಊರುಗಳಿಗೆ ಹೊರಟಿದ್ದಾರೆ. ಕನ್ನಡಿಗರಿಗೆ ಬಾಸೆಲ್ ಹೊಸ ಹೆಸರೇನೂ ಅಲ್ಲ. ಅಲ್ಲಿಂದ 1853ರಲ್ಲಿ ಹೊರಟು ಬಂದ ಕಿಟೆಲ್ ನಮ್ಮ ನೆಲದಲ್ಲಿ ದಶಕಗಳನ್ನು ಕಳೆದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ಕೊಟ್ಟವರು. ಸಂಶೋಧನೆಗಾಗಿ ಪರದೇಶದಲ್ಲಿ ಬಾಳುವುದು ಎರಡೂ ದಿಕ್ಕಿನಲ್ಲಿ ನಡೆದುಬಂದ ಕೆಲಸ.

ಈ ಸೊಸೈಟಿಗಳ ಕನ್ನಡ, ತುಳು ಮನೆಗಳಿಗೆ ಒಂದು ಬಗೆಯ ವಿದೇಶವಾಸ ಚೆನ್ನಾಗಿ ಗೊತ್ತು. ಅದು ಐಟಿಯವರದ್ದು. ‘ಆನ್‌ಸೈಟ್’ ಎಂದರೆ ಏನು, ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂಬುದನ್ನು ಇಲ್ಲಿನ ಅಜ್ಜಿಯರೂ ವಿವರಿಸಬಲ್ಲರು. ಕೊಲ್ಲಿ ದೇಶಗಳ ನೌಕರಿಯೂ ಪರಿಚಿತ. ಆದರೆ ಸಂಶೋಧಕರಾಗಿ ಹೋದವರ ಮನೆಯಲ್ಲಿ ಒಂದು ತಬ್ಬಿಬ್ಬು ಇದ್ದೇ ಇರುತ್ತದೆ. ಸಂಘದ ವಾರ್ಷಿಕೋತ್ಸವದಲ್ಲೋ, ಯಕ್ಷಗಾನದ ಬಿಡುವಿನಲ್ಲೋ ಮಾತು ಹೀಗೆ ಸಾಗುತ್ತದೆ:

“ಅಕ್ಕ, ಮಗಳು ಈಗ ಎಲ್ಲಿದ್ದಾಳೆ?”

“ಜರ್ಮನಿಯಲ್ಲಿ. ಪಿಎಚ್.ಡಿ. ಮಾಡ್ತಾ ಇದ್ದಾಳೆ.”

“ಇನ್ನೂ ಓದಿ ಆಗ್ಲಿಲ್ವಾ?”

“ಓದೋದು ಅಂತ ಅಲ್ಲ. ತಿಂಗಳಿಗೆ ಸಂಬಳ ಬರ್ತದೆ.”

“ಹಾಗಾದ್ರೆ ಕೆಲಸವಾ?”

ಅಕ್ಕನಿಗೆ ಉತ್ತರ ಹೊಳೆಯುವುದಿಲ್ಲ. ತಪ್ಪು ಅವರದಲ್ಲ. ಉತ್ತರ ದೇಶದಿಂದ ದೇಶಕ್ಕೆ ಬೇರೆ, ಮತ್ತು ಆ ಉತ್ತರದ ಮೇಲೆ ಮಗಳ ವೀಸಾ, ವಿಮೆ, ಪಿಂಚಣಿ, ಮದುವೆಯಾದರೆ ಗಂಡನ ಉದ್ಯೋಗ, ಎಲ್ಲವೂ ನಿಂತಿರುತ್ತವೆ.

ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪಿಎಚ್.ಡಿ. ಮಾಡುವವರಲ್ಲಿ ಬಹುಮಂದಿ ವಿಶ್ವವಿದ್ಯಾಲಯದ ನೌಕರರು. ಅವರಿಗೆ ನೇಮಕಾತಿ ಪತ್ರ, ಸಂಬಳದ ಚೀಟಿ, ರಜೆಯ ಲೆಕ್ಕ, ತೆರಿಗೆ ಕಡಿತ ಎಲ್ಲ ಇರುತ್ತದೆ. ಜರ್ಮನಿಯ ಸಂಶೋಧಕರ ವೇತನಶ್ರೇಣಿಯನ್ನು ‘ಇ 13’ ಎನ್ನುತ್ತಾರೆ, ಪಿಎಚ್.ಡಿ. ಹಂತದಲ್ಲಿ ಅದರ ಅರ್ಧವೋ, ಮೂರರಲ್ಲಿ ಎರಡು ಪಾಲೋ ಕೊಡುವುದು ರೂಢಿ. ಆ ಸಂಬಳದಿಂದ ಆರೋಗ್ಯ ವಿಮೆಗೂ ಪಿಂಚಣಿ ನಿಧಿಗೂ ವಂತಿಗೆ ಹೋಗುತ್ತದೆ. ಭಾರತ ಮತ್ತು ಜರ್ಮನಿ ಮಾಡಿಕೊಂಡ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅಲ್ಲಿ ವಂತಿಗೆ ಕಟ್ಟಿದ ವರ್ಷಗಳ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು. ಅಮೆರಿಕದಲ್ಲಾದರೆ ಅದೇ ಹುಡುಗಿ ವಿದ್ಯಾರ್ಥಿ. ಪಾಠ ಹೇಳಿಯೋ, ಗುರುವಿನ ಯೋಜನೆಯಲ್ಲಿ ದುಡಿದೋ ಸ್ಟೈಪೆಂಡ್ ಪಡೆಯುತ್ತಾಳೆ, ಶುಲ್ಕವನ್ನು ವಿಭಾಗವೇ ಮನ್ನಾ ಮಾಡುತ್ತದೆ, ಆದರೆ ಪಾಸ್‌ಪೋರ್ಟಿನ ಮೇಲೆ ಅಂಟುವುದು ವಿದ್ಯಾರ್ಥಿ ವೀಸಾ. ಬ್ರಿಟನ್ನಿನಲ್ಲೂ ವಿದ್ಯಾರ್ಥಿಯೇ. ನಮ್ಮಲ್ಲಿ ನೆಟ್ ಪರೀಕ್ಷೆ ಪಾಸಾದ ಕಿರಿಯ ಸಂಶೋಧಕರಿಗೆ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಜತೆಗೆ ಮನೆ ಬಾಡಿಗೆ ಭತ್ಯೆ. ಮಾಜಿವಾಡಾದಲ್ಲಿ ಬಾಡಿಗೆ ಕಟ್ಟುವವರಿಗೆ ಈ ಮೊತ್ತ ಎಷ್ಟು ದಿನ ಬರುತ್ತದೆಂದು ವಿವರಿಸಬೇಕಿಲ್ಲ.

ಪಿಎಚ್.ಡಿ. ಆದ ಮೇಲಿನ ಹಂತವೇ ಪೋಸ್ಟ್‌ಡಾಕ್. ನಿಜವಾದ ಗೊಂದಲ ಇಲ್ಲಿ. ಹೆಸರಿನ ಮುಂದೆ ಡಾಕ್ಟರ್ ಬಂದಿದೆ, ವಯಸ್ಸು ಮೂವತ್ತರ ಹತ್ತಿರ, ಸಂಬಳವೂ ಬರುತ್ತಿದೆ. ಇನ್ನೇನು ಸೆಟ್ಲ್ ಆದಂತೆ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಆದರೆ ಪೋಸ್ಟ್‌ಡಾಕ್ ಎಂಬುದು ಒಬ್ಬ ಪ್ರಾಧ್ಯಾಪಕರಿಗೆ ಸಿಕ್ಕ ಅನುದಾನದ ಮೇಲೆ ಎರಡು ಮೂರು ವರ್ಷಕ್ಕೆ ಕೊಟ್ಟ ಕೆಲಸ. ಅನುದಾನ ಮುಗಿದರೆ ಕೆಲಸವೂ ಮುಗಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಹೊಸ ಪೋಸ್ಟ್‌ಡಾಕ್‌ಗೆ 2024ಕ್ಕೆ ಗೊತ್ತುಪಡಿಸಿದ ಸ್ಟೈಪೆಂಡ್ ವರ್ಷಕ್ಕೆ 61,008 ಡಾಲರ್. ರೂಪಾಯಿಗೆ ಪರಿವರ್ತಿಸಿದರೆ ಐವತ್ತು ಲಕ್ಷ ದಾಟುವ ಈ ಅಂಕಿ ಬಾಸ್ಟನ್‌ನಲ್ಲೋ ಸ್ಯಾನ್ ಫ್ರಾನ್ಸಿಸ್ಕೋದಲ್ಲೋ ಮನೆ ಬಾಡಿಗೆ ಕಟ್ಟಿದ ಮೇಲೆ ಕರಗಿಹೋಗುತ್ತದೆ. ಜರ್ಮನಿಯಲ್ಲಿ ಇನ್ನೊಂದು ತೊಡಕು. ಅಲ್ಲಿನ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯವು ಸಂಶೋಧಕರನ್ನು ಅವಧಿ ಒಪ್ಪಂದದ ಮೇಲೆ ಪಿಎಚ್.ಡಿ.ಗೆ ಮೊದಲು ಆರು ವರ್ಷ, ನಂತರ ಆರು ವರ್ಷ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಕಾಯಂ ಹುದ್ದೆ ಸಿಗದಿದ್ದರೆ ಬಹುಪಾಲು ಜನ ವಿಶ್ವವಿದ್ಯಾಲಯದ ಬಾಗಿಲು ದಾಟಿ ಹೊರಗೆ ನಡೆಯಬೇಕು. ಈ ವ್ಯವಸ್ಥೆಯನ್ನು ಹೊಗಳಿ ಜರ್ಮನಿಯ ಶಿಕ್ಷಣ ಸಚಿವಾಲಯ ‘ಹಾನಾ’ ಎಂಬ ಕಾಲ್ಪನಿಕ ಸಂಶೋಧಕಿಯ ವಿಡಿಯೋ ಮಾಡಿತ್ತು. 2021ರಲ್ಲಿ ಸಾವಿರಾರು ಜನ ‘ನಾನೇ ಹಾನಾ’ ಎಂದು ತಮ್ಮ ಅತಂತ್ರದ ಕತೆಗಳನ್ನು ಸಾರ್ವಜನಿಕವಾಗಿ ಹೇಳಿಕೊಂಡರು. ಅಂದರೆ ಈ ಅನಿಶ್ಚಿತತೆ ಭಾರತೀಯರ ಮೇಲೆ ಮಾತ್ರ ಬಿದ್ದ ಹೊರೆಯಲ್ಲ, ಈ ವೃತ್ತಿ ಕಟ್ಟಿಕೊಂಡಿರುವ ರೀತಿಯೇ ಹಾಗೆ. ಮಗ ಮೂರನೇ ಸಲ ಊರು ಬದಲಿಸಿದನೆಂದರೆ ಅವನಲ್ಲಿ ಏನೋ ಕೊರತೆಯಿದೆ ಎಂದು ಮನೆಯವರು ಕೊರಗಬೇಕಿಲ್ಲ.

ಹಿಂದಿನವರಿಗೆ ಹೀಗಿರಲಿಲ್ಲವೇ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮಾಜಿವಾಡಾದಿಂದ ಆಗ್ರಾ ರಸ್ತೆ ಹಿಡಿದು ರಾಂಜನೋಲಿ ನಾಕಾದಲ್ಲಿ ಬಲಕ್ಕೆ ತಿರುಗಿ ದುರ್ಗಾಡಿ ಸೇತುವೆ ದಾಟಿದರೆ ಕಲ್ಯಾಣ. ಆನಂದಿಬಾಯಿ ಜೋಶಿ ಬೆಳೆದ ಊರು. ಒಂಬತ್ತರ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನಗಳಲ್ಲಿ ಇಲ್ಲವಾಯಿತು. ವೈದ್ಯಕೀಯ ಓದುವ ಹಟ ಅಲ್ಲಿಂದ ಮೊಳೆಯಿತು. ಅಂಚೆ ಇಲಾಖೆಯಲ್ಲಿದ್ದ ಗಂಡ ಗೋಪಾಳರಾವ್ ಬರೆದ ಪತ್ರವೊಂದು ಅಮೆರಿಕದ ಮಿಷನರಿ ಪತ್ರಿಕೆಯಲ್ಲಿ ಅಚ್ಚಾಗಿ, ನ್ಯೂಜೆರ್ಸಿಯ ಥಿಯೊಡಿಶಿಯಾ ಕಾರ್ಪೆಂಟರ್ ಅದನ್ನು ದಂತವೈದ್ಯರ ಬಳಿ ಸರದಿಗೆ ಕಾಯುತ್ತಿದ್ದಾಗ ಓದಿದರು. ಆ ಗೃಹಿಣಿ ಆನಂದಿಬಾಯಿಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟರು. 1883ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ ಆನಂದಿಬಾಯಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಹಿಂದೂಗಳ ಪ್ರಸೂತಿ ಪದ್ಧತಿಯ ಬಗ್ಗೆ ಪ್ರಬಂಧ ಬರೆದು 1886ರ ಮಾರ್ಚ್ 11ರಂದು ಪದವಿ ಪಡೆದರು. ಇಲ್ಲಿ ಗಮನಿಸಬೇಕಾದದ್ದು ಮುಂದಿನ ಸಂಗತಿ. ಅವರು ಮರಳುವ ಮುನ್ನವೇ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆ ಅವರ ಹೆಸರಿಗೆ ನಿಗದಿಯಾಗಿತ್ತು. ಆ ಕುರ್ಚಿಯಲ್ಲಿ ಕೂರುವ ಮೊದಲೇ, 1887ರ ಫೆಬ್ರುವರಿ 26ರಂದು, ಇಪ್ಪತ್ತೆರಡು ತುಂಬುವ ಮುನ್ನ ಕ್ಷಯ ಅವರನ್ನು ಕೊಂಡೊಯ್ದಿತು. ಸಾವು ಅಡ್ಡ ಬಂತು ನಿಜ, ಆದರೆ ಹುದ್ದೆ ಕಾದಿತ್ತು.

ಅಂಬೇಡ್ಕರರದ್ದು ಇದಕ್ಕಿಂತ ಕಠಿಣ ಪಾಠ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಅವರಿಗೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನವನ್ನು ಮೂರು ವರ್ಷಕ್ಕೆ ಕೊಟ್ಟರು. ಮರಳಿ ಬಂದು ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಸಲ್ಲಿಸುವುದಾಗಿ 1913ರಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಎಂ.ಎ. ಮುಗಿಸಿ ಲಂಡನ್ನಿಗೆ ಹೋದರು, ವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಪುಸ್ತಕಗಳು ಮೊದಲ ಮಹಾಯುದ್ಧದಲ್ಲಿ ಹಡಗಿನ ಜತೆ ಮುಳುಗಿದವು. ಮಾತಿನಂತೆ ಬರೋಡಾದಲ್ಲಿ ಕೆಲಸಕ್ಕೆ ಹಾಜರಾದರು. ಹುದ್ದೆ ಇತ್ತು, ಅಸ್ಪೃಶ್ಯರೆಂಬ ಕಾರಣಕ್ಕೆ ತಂಗಲು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಉಳಿದುಕೊಂಡದ್ದು ಗೊತ್ತಾಗಿ ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಕೊಲಂಬಿಯಾದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞ ಮರದ ನೆರಳಿನಲ್ಲಿ ಕುಳಿತು ಕಣ್ಣೀರಿಟ್ಟು ಮುಂಬಯಿಗೆ ಹಿಂದಿರುಗಿದರು. ಮರಳಿ ಬರುವವರಿಗೆ ಹುದ್ದೆ ಕೊಟ್ಟರಷ್ಟೇ ಸಾಲದು, ಊರು ಅವರನ್ನು ಒಳಗೆ ಕರೆದುಕೊಳ್ಳಬೇಕು. ನೂರು ವರ್ಷ ದಾಟಿದರೂ ಈ ಮಾತು ಹಳತಾಗಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಹೋದ ಕನ್ನಡಿಗರ ಕತೆಗಳಲ್ಲಿ ರಾಜೇಶ್ವರಿ ಚಟರ್ಜಿಯವರದ್ದು ಹೆಚ್ಚು ಜನರಿಗೆ ತಿಳಿಯಬೇಕಾದದ್ದು. 1922ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಆಯ್ದ ಪ್ರತಿಭಾವಂತರಿಗೆ ವಿದೇಶ ವ್ಯಾಸಂಗದ ವೇತನ ಕೊಟ್ಟಾಗ ಅವರಿಗೂ ಅವಕಾಶ ಬಂತು. 1947ರ ಜುಲೈಯಲ್ಲಿ, ಸೈನಿಕರನ್ನು ಸಾಗಿಸುತ್ತಿದ್ದ ‘ಮರೀನ್ ಆಡರ್’ ಎಂಬ ಹಡಗು ಹತ್ತಿ ಮೂವತ್ತು ದಿನಗಳ ಪಯಣ ಮಾಡಿ ಅಮೆರಿಕ ತಲುಪಿದರು. ಹೊರಡುವಾಗ ದೇಶ ಬ್ರಿಟಿಷರ ಕೈಯಲ್ಲಿತ್ತು, ಓದು ಶುರುವಾಗುವ ಹೊತ್ತಿಗೆ ಸ್ವತಂತ್ರವಾಗಿತ್ತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮುಗಿಸಿ, ಸರ್ಕಾರದೊಂದಿಗಿನ ಒಪ್ಪಂದದಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಆವರ್ತನಗಳ ಅಳತೆಯ ತರಬೇತಿ ಪಡೆದರು. ಮತ್ತೆ ಮಿಶಿಗನ್‌ಗೆ ಹೋಗಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದಲ್ಲಿ 1953ರಲ್ಲಿ ಪಿಎಚ್.ಡಿ. ಪಡೆದರು. ಅದೇ ವರ್ಷ ಮರಳಿ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ವಿಭಾಗದಲ್ಲಿ ಅಧ್ಯಾಪಕಿಯಾದರು, ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯ ತಳಹದಿ ಹಾಕಿದರು.

ಟ್ರಾಂಬೆಯ ಅಣುಶಕ್ತಿ ಕೇಂದ್ರದ ಇತಿಹಾಸದಲ್ಲೂ ಇದೇ ಬಗೆಯ ಹಾದಿ ಕಾಣುತ್ತದೆ. ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಪಿಎಚ್.ಡಿ. ಮುಗಿಸಿ, 1955ರ ಸೆಪ್ಟೆಂಬರ್‌ನಲ್ಲಿ ಅಣುಶಕ್ತಿ ಇಲಾಖೆ ಸೇರಿದರು. ಮರುವರ್ಷದ ಆಗಸ್ಟ್‌ನಲ್ಲಿ ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಚಾಲನೆಗೊಂಡಾಗ ಅವರು ಹೋಮಿ ಭಾಭಾ ಅವರ ತಂಡದಲ್ಲಿದ್ದರು. ಸಿ.ಎನ್.ಆರ್. ರಾವ್ ಪರ್ಡೂನಲ್ಲಿ ಡಾಕ್ಟರೇಟ್, ಬರ್ಕ್ಲಿಯಲ್ಲಿ ಸಂಶೋಧನೆ ಮುಗಿಸಿ 1959ರಲ್ಲಿ ತಿಂಗಳಿಗೆ ಐನೂರು ರೂಪಾಯಿ ಸಂಬಳದ ಉಪನ್ಯಾಸಕರಾಗಿ ಬೆಂಗಳೂರಿಗೆ ಬಂದರು. ಕರಾವಳಿಯವರು ಹೆಮ್ಮೆಯಿಂದ ನೆನೆಯುವ ಅದಮಾರಿನ ಯು.ಆರ್. ರಾವ್ ಎಂಐಟಿಯಲ್ಲೂ ಡಲ್ಲಾಸ್‌ನಲ್ಲೂ ಬಾಹ್ಯಾಕಾಶದ ವಿಕಿರಣಗಳನ್ನು ಅಳೆಯುವ ಉಪಕರಣ ಕಟ್ಟಿ, ಅಮೆರಿಕದ ಪಯನಿಯರ್ ನೌಕೆಗಳಲ್ಲಿ ಪ್ರಯೋಗ ನಡೆಸಿ, 1966ರಲ್ಲಿ ಅಹಮದಾಬಾದಿನ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಪ್ರಾಧ್ಯಾಪಕರಾಗಿ ಮರಳಿದರು. ಗುರು ವಿಕ್ರಮ್ ಸಾರಾಭಾಯಿ ಅಲ್ಲಿದ್ದರು. ಒಂಬತ್ತು ವರ್ಷಗಳ ನಂತರ ಆರ್ಯಭಟ ಉಪಗ್ರಹ ಹಾರಿತು. ಡಿವಿಜಿಯವರ ಮಗ ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡ್‌ನಲ್ಲಿ ಐ.ಡಬ್ಲ್ಯು. ಬೈಲಿ ಅವರೊಂದಿಗೆ ಸಸ್ಯಗಳ ಕಾಂಡ, ಹೂಗಳ ಒಳರಚನೆಯನ್ನು ಬಗೆದು ನೋಡಿದರು. ಸಾರ್ಕಾಂಡ್ರ ಎಂಬ ಗಿಡದ ಕಾಷ್ಠದಲ್ಲಿ ಸಾಮಾನ್ಯ ಹೂಗಿಡಗಳಂತೆ ನೀರ್ಗೊಳವೆಗಳಿಲ್ಲವೆಂದು ಇಬ್ಬರೂ 1950ರಲ್ಲಿ ಪ್ರಕಟಿಸಿದರು. ಸ್ವಾಮಿ ಮದರಾಸಿಗೆ ಬಂದರು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು. ಆ ವಿದೇಶವಾಸದಿಂದ ಕನ್ನಡಕ್ಕೆ ‘ಅಮೆರಿಕದಲ್ಲಿ ನಾನು’ ಎಂಬ ಪುಸ್ತಕವೂ ದಕ್ಕಿತು.

ಇವರೆಲ್ಲ ದೇಶಭಕ್ತಿಯಿಂದ ಮರಳಿದರು, ಈಗಿನವರಿಗೆ ಅದಿಲ್ಲ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಈ ಮಾತು ಅನ್ಯಾಯದ್ದು. ಅಂದು ದೇಶ ಹೊಸ ಪ್ರಯೋಗಾಲಯಗಳನ್ನು ಕಟ್ಟುತ್ತಿತ್ತು, ಮರಳಿ ಬಂದವರಿಗೆ ಒಂದು ಮೇಜು, ಒಂದು ವಿಭಾಗ, ಕೆಲವೊಮ್ಮೆ ಒಂದು ಇಡೀ ಸಂಸ್ಥೆ ಕಾದಿತ್ತು. ಖಾಸಗಿ ಕಂಪನಿಗಳೂ ಹಿಂದೆ ಬಿದ್ದಿರಲಿಲ್ಲ. 1963ರಲ್ಲಿ ಗೋರೆಗಾಂವ್‌ನಲ್ಲಿ ತೆರೆದ ಸೀಬಾ ಕಂಪನಿಯ ಸಂಶೋಧನ ಕೇಂದ್ರವನ್ನು ರಸಾಯನಶಾಸ್ತ್ರಜ್ಞ ಟಿ.ಆರ್. ಗೋವಿಂದಾಚಾರಿ ಮುನ್ನಡೆಸಿದರು. ಥಾಣೆಯ ನೆರೆಯ ಮುಲುಂಡ್‌ನಲ್ಲಿದ್ದ ಹೆಕ್ಸ್ಟ್ ಕಂಪನಿಯ ಕೇಂದ್ರದಲ್ಲಿ 1970ರ ದಶಕದಲ್ಲಿ ಕೋಲಿಯಸ್ ಗಿಡದ ಬೇರಿನಿಂದ ಬೇರ್ಪಡಿಸಿದ ಫೋರ್ಸ್ಕೋಲಿನ್ ಇಂದಿಗೂ ಜಗತ್ತಿನ ಜೀವಕೋಶ ಪ್ರಯೋಗಾಲಯಗಳ ಶೀಷೆಗಳಲ್ಲಿದೆ. ಹೊರದೇಶದಲ್ಲಿ ಕಲಿತ ರಸಾಯನಶಾಸ್ತ್ರಜ್ಞ ಲೋಕಲ್ ಹಿಡಿದು ಹೋಗಬಹುದಾದ ದೂರದಲ್ಲಿ ಅಂಥ ಕೆಲಸ ನಡೆಯುತ್ತಿತ್ತು. ಇಂದು ಭಾರತ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64ರಷ್ಟು ಎಂದು 2020–21ರ ಸರ್ಕಾರಿ ಅಂಕಿಗಳೇ ಹೇಳುತ್ತವೆ. ಪಿಎಚ್.ಡಿ. ಪಡೆದವರು ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದಾರೆ, ಮೇಜುಗಳು ಆ ಪ್ರ‌ಮಾಣದಲ್ಲಿ ಹೆಚ್ಚಿಲ್ಲ.

ಮರಳಿ ಬರಬೇಕೆಂಬ ಕಟ್ಟಳೆಯೂ ಸಡಿಲವಾಗುತ್ತಿದೆ. ಅಮೆರಿಕಕ್ಕೆ ಪೋಸ್ಟ್‌ಡಾಕ್‌ಗಳು ಹೆಚ್ಚಾಗಿ ಹೋಗುವುದು ಜೆ-1 ಎಂಬ ವಿನಿಮಯ ವೀಸಾದಲ್ಲಿ. ಅಮೆರಿಕದ ವಿದೇಶಾಂಗ ಇಲಾಖೆಯ ‘ಕೌಶಲ ಪಟ್ಟಿ’ಯಲ್ಲಿ ತಾಯ್ನಾಡಿನ ಹೆಸರೂ ತಮ್ಮ ವಿಷಯವೂ ಇದ್ದವರು ಕೆಲಸ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು, ಅಲ್ಲಿಯವರೆಗೆ ಎಚ್-1ಬಿ ಎಂಬ ಉದ್ಯೋಗ ವೀಸಾ ಆಗಲಿ ಗ್ರೀನ್ ಕಾರ್ಡ್ ಆಗಲಿ ಸಿಗದು ಎಂಬುದು ನಿಯಮ. 2024ರ ಡಿಸೆಂಬರ್ 9ರಿಂದ ಆ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಫುಲ್‌ಬ್ರೈಟ್‌ನಂತೆ ಸರ್ಕಾರಿ ಹಣದಲ್ಲಿ ಹೋದ ಸಂಶೋಧಕರಿಗೆ ಮಾತ್ರ ಎರಡು ವರ್ಷದ ಷರತ್ತು ಉಳಿದಿದೆ. ಆದರೆ ಉಳಿದುಕೊಳ್ಳುವ ಹಾದಿ ಅಷ್ಟೇ ಕಿರಿದಾಗಿದೆ. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹೇರಿತು. ವಿಶ್ವವಿದ್ಯಾಲಯಗಳು ಎಚ್-1ಬಿ ಲಾಟರಿಯಿಂದ ಹೊರಗಿದ್ದವು, ಈ ಶುಲ್ಕದಿಂದ ಅಲ್ಲ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕೂ ಹಿಂದಿನ ಅರ್ಜಿಗಳಲ್ಲೇ ತೆವಳುತ್ತಿದೆ. ಮರಳು ಎನ್ನುವವರಿಲ್ಲ, ಇರು ಎನ್ನುವವರೂ ಇಲ್ಲ. ಮುಚ್ಚಳಿಕೆ ಬರೆಸಿಕೊಂಡ ಬರೋಡಾ ಸಂಸ್ಥಾನ ಹತ್ತು ವರ್ಷ ಕೇಳಿತ್ತು, ಬದಲಿಗೆ ಹುದ್ದೆಯನ್ನೂ ಕೊಟ್ಟಿತ್ತು. ಈಗಿನ ಸಂಶೋಧಕರಿಗೆ ಈ ಎರಡೂ ಇಲ್ಲ.

ಉಳಿದುಕೊಂಡು ಬೆಳೆದವರೂ ನಮ್ಮಲ್ಲಿದ್ದಾರೆ. ಕೊಲ್ಹಾಪುರ ಜಿಲ್ಲೆಯ ಕುರುಂದವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ 1982ರಲ್ಲಿ, ಬರ್ಕ್ಲಿಯಲ್ಲಿ ಇನ್ನೂ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದಾಗಲೇ, ಸೆಕೆಂಡಿಗೆ ಆರುನೂರಕ್ಕೂ ಹೆಚ್ಚು ಸಲ ತಿರುಗುವ ಪಲ್ಸಾರ್ ಪತ್ತೆಹಚ್ಚಿದ ತಂಡದಲ್ಲಿದ್ದರು. 1995ರಲ್ಲಿ ಅವರ ತಂಡ ಕಂದು ಕುಬ್ಜ ನಕ್ಷತ್ರವೊಂದನ್ನು ತೋರಿಸಿತು. 2024ರ ಶಾ ಪ್ರಶಸ್ತಿ ಅವರಿಗೆ ಸಂದಿದೆ. ಆ ಕಂದು ಕುಬ್ಜವನ್ನು ಕಂಡ ದೂರದರ್ಶಕಗಳು ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿದ್ದವು. ಅವರು ಅಲ್ಲಿ ಉಳಿದದ್ದು ತಕ್ಕುದೇ.

ಈಗ ಮಾಜಿವಾಡಾದ ಮನೆಗೆ ಬರೋಣ. ಆಯ್ಕೆ ಪತ್ರ ಬಂದ ಮೇಲೆ ಮೊದಲು ತೊಡಕಾಗುವುದು ಹೆಸರು. ಮಹಾರಾಷ್ಟ್ರದ ಎಸ್ಸೆಸ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಬೇರೆ ಸಾಲಿನಲ್ಲಿ ತಾಯಿಯ ಹೆಸರು. ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಬೇರೆ ಕ್ರಮದಲ್ಲಿರುತ್ತದೆ. ಹಳೆ ಮೈಸೂರಿನ ಕಡೆಯವರಾದರೆ ಇನಿಷಿಯಲ್ ಬಿಡಿಸಿ ಬರೆಯುವ ಫಜೀತಿ, ಕರಾವಳಿಯವರಾದರೆ ಊರಿನ ಮನೆತನದ ಹೆಸರು ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿಲ್ಲದ ಫಜೀತಿ. ಹೊರದೇಶದ ವಿಶ್ವವಿದ್ಯಾಲಯದ ಗುಮಾಸ್ತರಿಗೆ ಈ ಬೇರೆ ಬೇರೆ ಹೆಸರುಗಳೂ ಒಬ್ಬರವೇ ಎಂದು ನಂಬಿಸಲು ಅಫಿಡವಿಟ್ ಬೇಕಾಗುತ್ತದೆ. ಹೊರಡುವ ವರ್ಷದಲ್ಲಿ ಅಲ್ಲ, ಎಂಎಸ್ಸಿ ಓದುವಾಗಲೇ ವಾಗ್ಳೆ ಎಸ್ಟೇಟಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ ಇದನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಸಂಶೋಧಕರಿಗೆ ಹೆಸರಿನ ಮಾತು ಇನ್ನೂ ದೊಡ್ಡದು, ಮೊದಲ ಲೇಖನದಲ್ಲಿ ಅಚ್ಚಾದ ಹೆಸರೇ ಜೀವನಪೂರ್ತಿ ಬೆನ್ನಿಗಿರುತ್ತದೆ. 2012ರಿಂದ ಇರುವ ಆರ್ಕಿಡ್ ಎಂಬ ಹದಿನಾರು ಅಂಕಿಗಳ ಉಚಿತ ಗುರುತು ಸಂಖ್ಯೆ ಇದಕ್ಕೆಂದೇ ಹುಟ್ಟಿದ್ದು. ಮದುವೆಯಾಗಿ ಅಡ್ಡಹೆಸರು ಬದಲಾದರೂ ಬರೆದ ಲೇಖನಗಳು ಚದುರಿಹೋಗುವುದಿಲ್ಲ.

ಆಮೇಲೆ ಕಲೀನಾದ ವಿದ್ಯಾನಗರಿಯಿಂದ ಟ್ರಾನ್ಸ್‌ಕ್ರಿಪ್ಟ್, ಪದವಿ ಪತ್ರಗಳ ದೃಢೀಕರಣ. ದಾಖಲೆಗಳನ್ನು ಹೊರದೇಶಗಳಿಗಾಗಿ ದೃಢೀಕರಿಸುವ ಅಪೊಸ್ಟೈಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಆಕ್ಷೇಪ ಎತ್ತಿದ ದೇಶಗಳಲ್ಲಿ ಜರ್ಮನಿಯೂ ಒಂದು. ಆದ್ದರಿಂದ ದುಡ್ಡು ಕೊಟ್ಟು ಮೊಹರು ಒತ್ತಿಸುವ ಮೊದಲು ಹೋಗುವ ದೇಶ ಯಾವ ಬಗೆಯ ದೃಢೀಕರಣ ಒಪ್ಪುತ್ತದೆಂದು ಕೇಳಿಕೊಳ್ಳಬೇಕು. ಬ್ರಿಟನ್ನಿಗೆ ಆರು ತಿಂಗಳು ಮೀರಿ ಹೋಗುವವರು ಕ್ಷಯರೋಗದ ಪರೀಕ್ಷೆ ಮಾಡಿಸಬೇಕು, ಆರೋಗ್ಯ ಸೇವೆಗೆ ವರ್ಷಕ್ಕೆ 1,035 ಪೌಂಡ್ ಮುಂಗಡ ಕಟ್ಟಬೇಕು. ವಿದ್ಯಾರ್ಥಿಗಳಿಗೆ ಈ ಮೊತ್ತ ಕಡಿಮೆ. ಯುರೋಪಿನ ಮೇರಿ ಕ್ಯೂರಿ ಹೆಸರಿನ ಪಿಎಚ್.ಡಿ. ಯೋಜನೆಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಷರತ್ತೆಂದರೆ ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ನೆಲೆಸಿರಬಾರದು. ವಾರ್ಸಾದಿಂದ ಪ್ಯಾರಿಸಿಗೆ ವಲಸೆ ಬಂದು ವಿಜ್ಞಾನ ಮಾಡಿದ ಹೆಣ್ಣುಮಗಳ ಹೆಸರಿನ ಯೋಜನೆಗೆ ಒಪ್ಪುವ ನಿಯಮ. ಥಾಣೆಯಿಂದ ನೇರವಾಗಿ ಹೋಗುವವರಿಗೆ ಇದರಿಂದ ಅನುಕೂಲವೇ.

ಬ್ಯಾಂಕಿನ ಕೆಲಸವನ್ನು ಬಹಳ ಮನೆಗಳು ಮರೆಯುತ್ತವೆ. ಕೆಲಸಕ್ಕಾಗಿ ಹೊರದೇಶಕ್ಕೆ ಹೋದವರು ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹಳೆಯ ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದನ್ನು ತೆರೆಯುವಂತಿಲ್ಲ.

ಮದುವೆಯ ಮಾತುಕತೆಯಲ್ಲಿ ಇನ್ನಷ್ಟು ಸ್ಪಷ್ಟತೆ ಬೇಕು. ಹುಡುಗಿ ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದಲ್ಲಿದ್ದರೆ ಅವಳ ಗಂಡ ಅಲ್ಲಿ ಕೆಲಸ ಮಾಡುವಂತಿಲ್ಲ. ಜೆ-1ರಲ್ಲಿದ್ದರೆ ಅನುಮತಿ ಪಡೆದು ಮಾಡಬಹುದು. ಬ್ರಿಟನ್ 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆದೊಯ್ಯುವುದನ್ನು ನಿಲ್ಲಿಸಿದೆ, ಸಂಶೋಧನ ಪದವಿಯವರಿಗೆ ವಿನಾಯಿತಿ ಇದೆ. ಇಬ್ಬರೂ ಸಂಶೋಧಕರಾದರೆ ಒಂದೇ ಊರಿನಲ್ಲಿ ಇಬ್ಬರಿಗೂ ಪ್ರಯೋಗಾಲಯ ಸಿಗುವುದು ಅದೃಷ್ಟದ ಮಾತು. ಗಂಡ ಒಂದು ದೇಶ, ಹೆಂಡತಿ ಇನ್ನೊಂದು ದೇಶ ಎಂದು ವರ್ಷಗಟ್ಟಲೆ ಬದುಕುವ ಜೋಡಿಗಳು ಈ ವೃತ್ತಿಯಲ್ಲಿ ಅಪರೂಪವಲ್ಲ. ಹೆಣ್ಣು ಗಂಡು ನೋಡುವ ದಿನವೇ ಈ ವಿಷಯವನ್ನು ಎರಡೂ ಕಡೆಯ ಹಿರಿಯರ ಮುಂದೆ ಬಿಚ್ಚಿ ಹೇಳಿದರೆ ಮುಂದೆ ಯಾರಿಗೂ ನೋವಿಲ್ಲ.

ಇನ್ನು ಮರಳುವ ಬಾಗಿಲು. ಅದು ಪೂರ್ತಿ ಮುಚ್ಚಿಲ್ಲ. ಹೊರದೇಶದಲ್ಲಿರುವ ಭಾರತೀಯ ಸಂಶೋಧಕರನ್ನು ಕರೆಸಿಕೊಳ್ಳಲೆಂದೇ ಇರುವ ರಾಮಾನುಜನ್ ಫೆಲೋಶಿಪ್ ಐದು ವರ್ಷಗಳದ್ದು, ವಯಸ್ಸು 40 ಮೀರಿರಬಾರದು. ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್ ಕೂಡ ಐದು ವರ್ಷಗಳದ್ದೇ. ಆಮೇಲೆ ಕಾಯಂ ಹುದ್ದೆ ಕೊಡುವುದು ಬಿಡುವುದು ಆಯಾ ಸಂಸ್ಥೆಯ ಕೈಯಲ್ಲಿ. ಈ ಕೊನೆಯ ಸಾಲು ಬದಲಾಗಬೇಕು. ಮೂವತ್ತೈದರ ಸಂಶೋಧಕಿ ಮಗುವನ್ನು ಎತ್ತಿಕೊಂಡು ಮರಳಿ ಬಂದು, ನಲವತ್ತಕ್ಕೆ ಮತ್ತೆ ಕೆಲಸ ಹುಡುಕಬೇಕಾದ ಸ್ಥಿತಿಯನ್ನು ಸರ್ಕಾರ ತಾನೇ ಕಟ್ಟಿಕೊಡಬಾರದು. ಐದು ವರ್ಷದ ಕೆಲಸವನ್ನು ತೂಗಿ ನೋಡಿ ಕಾಯಂ ಮಾಡುವ ಮಾತನ್ನು ಮೊದಲ ದಿನದ ಆದೇಶದಲ್ಲೇ ಬರೆದುಕೊಡಲು ಕಾಸು ಖರ್ಚಾಗುವುದಿಲ್ಲ.

ಅಲ್ಲಿಯವರೆಗೆ ಹೊರದೇಶದಲ್ಲಿರುವವರು ಮಾಡಬಹುದಾದ ಕೆಲಸವೊಂದಿದೆ. ಮಾಜಿವಾಡಾದಿಂದ ಒಂದೆರಡು ಗಂಟೆಯ ಹಾದಿಯೊಳಗೆ ಪವಾಯಿಯ ಐಐಟಿ, ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಖಾರ್ಘರ್‌ನ ಕ್ಯಾನ್ಸರ್ ಸಂಶೋಧನ ಕೇಂದ್ರ ಆಕ್ಟ್ರೆಕ್, ನ್ಯೂ ಪನ್ವೇಲ್‌ನ ಭೂಕಾಂತತ್ವ ಸಂಸ್ಥೆ, ಟ್ರಾಂಬೆಯ ಬಿಎಆರ್‌ಸಿ, ಕೊಲಾಬಾದ ಟಿಐಎಫ್‌ಆರ್ ಇವೆ. ರಜೆಯಲ್ಲಿ ಊರಿಗೆ ಬಂದಾಗ ಬಂಧುಗಳ ಮನೆ ಸುತ್ತುವ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ತಮ್ಮ ವಿಷಯದ ವಿಭಾಗಕ್ಕೆ ಮೊದಲೇ ಬರೆದು, ಒಂದು ಉಪನ್ಯಾಸ ಕೊಟ್ಟು ಬರಬಹುದು. ಬಹಳಷ್ಟು ವಿಭಾಗಗಳು ಇಂಥ ಉಪನ್ಯಾಸವನ್ನು ಸಂತೋಷದಿಂದ ಏರ್ಪಡಿಸುತ್ತವೆ. ಫೆಲೋಶಿಪ್ ಅರ್ಜಿಗೆ ಬೇಕಾಗುವುದು ಆತಿಥ್ಯ ವಹಿಸುವ ಸಂಸ್ಥೆಯ ಒಪ್ಪಿಗೆ ಪತ್ರ, ಅದನ್ನು ಕೊಡುವವರು ಮುಖ ಪರಿಚಯವಿದ್ದವರು. ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಉಳಿದಿರುವಾಗಲೇ ಈ ಓಡಾಟ ಶುರುವಾದರೆ, ಅರ್ಜಿ, ಸಂದರ್ಶನ, ಆದೇಶ, ಪ್ರಯೋಗಾಲಯದ ಉಪಕರಣಗಳ ಖರೀದಿ ಎಲ್ಲಕ್ಕೂ ಹಿಡಿಯುವ ಕಾಲ ಸರಿದೂಗುತ್ತದೆ. ಮನೆಯವರು “ಯಾವಾಗ ಬರ್ತೀ?” ಎಂದು ಕೇಳುವ ಬದಲು “ಒಪ್ಪಂದ ಯಾವ ತಿಂಗಳು ಮುಗಿಯುತ್ತೆ, ಆಮೇಲೆ ಎಲ್ಲೆಲ್ಲಿಗೆ ಬರೆದಿದ್ದೀ?” ಎಂದು ಕೇಳಿದರೆ, ಆ ಕಡೆಯಿಂದ ಉತ್ತರ ಹೇಳುವುದೂ ಸುಲಭ.